ಈರಕ್ಕನ ಗಾಜಿನ ಕಾಡು

ಈರಕ್ಕ ಯಾವ ವಸ್ತುವನ್ನೂ ಕೆನ್ನೆಗೆ ಒತ್ತಿ ನೋಡದೆ ಕೊಳ್ಳುತ್ತಿರಲಿಲ್ಲ. ಅದು ಕಸುಬಿನಿಂದ ಬಂದ ಚಾಳಿ. ಹಿರಿಯೂರಿನಲ್ಲಿ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಮಷಿನ್ ಇಟ್ಟುಕೊಂಡು ಅವಳು ರವಿಕೆ ಹೊಲಿಯುತ್ತಿದ್ದಳು. ಯಾರೇ ಬಟ್ಟೆ ತಂದರೂ ಮೊದಲು ಅದರ ಒಂದು ತುದಿಯನ್ನು ಬಲಗೆನ್ನೆಗೆ ಒತ್ತಿ, ಕಣ್ಣು ಮುಚ್ಚಿ, "ಇದು ಒಂದ್ ನೀರಿಗೆ ಬಿರುಸಾಗ್ತೈತೆ" ಎಂದೋ, "ಇದು ಬೆವರು ಕುಡಿತೈತೆ, ಧೈರ್ಯವಾಗಿ ಹೊಲಿಸ್ಕಳ್ರಿ" ಎಂದೋ ತೀರ್ಪು ಕೊಡುತ್ತಿದ್ದಳು. ಆ ಚಾಳಿ ಬಟ್ಟೆಯ ಹತ್ತಿರವೇ ನಿಂತಿದ್ದರೆ ಬೇರೆ ಮಾತು. ಸಂತೆಯಲ್ಲಿ ಸೌತೆಕಾಯಿ, ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಡಬ್ಬಿ, ಗೊಬ್ಬರದ ಅಂಗಡಿಯಲ್ಲಿ ಖಾಲಿ ಚೀಲ, ಎಲ್ಲಕ್ಕೂ ಅವಳ ಕೆನ್ನೆಯ ಪರೀಕ್ಷೆ ಇತ್ತು. ನನ್ನ ಹೊಸ ಸ್ಕೂಟರು ಬಂದ ದಿನ ಬಗ್ಗಿ ಅದರ ಸೀಟಿಗೂ ಕೆನ್ನೆ ಕೊಟ್ಟು, "ಬೇಸಿಗ್ಯಾಗೆ ಇದರ ಮೇಲೆ ಕುಂತ್ಕಳಾಕಾಗಲ್ಲ ಮೇಡಮ್ಮೋರೆ, ನಾನೊಂದು ಕವರ್ ಹೊಲ್ಕೊಡ್ತೀನಿ" ಎಂದಳು. ಯಾರದೋ ರವಿಕೆಯಲ್ಲಿ ಉಳಿದ ಹೂಬಟ್ಟೆಯಲ್ಲಿ ಹೊಲಿದೂ ಕೊಟ್ಟಳು. ನನ್ನ ಕಾಲೇಜಿನ ಸ್ಟ್ಯಾಂಡಿನಲ್ಲಿ ಅಷ್ಟು ಗಾಡಿಗಳ ನಡುವೆ ನನ್ನದೊಂದೇ ಮದುವಣಗಿತ್ತಿಯ ಹಾಗೆ ನಿಂತಿರುತ್ತಿತ್ತು.

ನಾನು ಹಿರಿಯೂರಿಗೆ ಬಂದದ್ದು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಲು. ಈರಕ್ಕನ ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಅವಳಿಗಾಗ ಐವತ್ತರ ಆಸುಪಾಸು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಜೊತೆಗಿದ್ದವಳು ತಾಯಿ ಕೆಂಚವ್ವ. ಕೆಂಚವ್ವ ಯಲ್ಲದಕೆರೆ ಕಡೆಯ ಕುರಿ ಸಾಕುವ ಮನೆತನದವಳು. ಆಯುಷ್ಯದ ಬಹುಪಾಲನ್ನು ಕುರಿಗಳ ಹಿಂದೆ ಬಯಲಿನಲ್ಲಿ, ಮಾರಿಕಣಿವೆಯ ಗುಡ್ಡಗಳಲ್ಲಿ ಕಳೆದಿದ್ದಳು. ಕುರಿಯನ್ನು ಮಗನಿಗೆ ಬಿಟ್ಟು ಮಗಳ ಮನೆಗೆ ಬಂದ ಮೇಲೂ ಅವಳು ಒಳಗೆ ನಿಲ್ಲುತ್ತಿರಲಿಲ್ಲ. ಬೆಳಗಾದರೆ ವೇದಾವತಿಯ ದಂಡೆ, ಸಂಜೆಯಾದರೆ ಯಾರದೋ ತೆಂಗಿನ ತೋಟ. "ನಮ್ಮವ್ವ ಮನೆಗೆ ನೆಂಟರು ಬಂದಂಗೆ ಬರ್ತಾಳೆ, ಉಣ್ಣಾಕೆ ಮತ್ತೆ ಮಲಗಾಕೆ" ಎಂದು ಈರಕ್ಕ ನಗುತ್ತಿದ್ದಳು.

ಅಂಥ ಕೆಂಚವ್ವ ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಚಿತ್ರದುರ್ಗದಲ್ಲಿ ಆಪರೇಷನ್ ಆಯಿತು. ಈ ವಯಸ್ಸಿನಲ್ಲಿ ಎದ್ದು ಓಡಾಡುವುದು ಕಷ್ಟ, ಹಾಸಿಗೆಯಲ್ಲೇ ಜೋಪಾನವಾಗಿ ನೋಡಿಕೊಳ್ಳಿ ಎಂದರು ಡಾಕ್ಟರು. ಮಷಿನಿನ ಎದುರಿಗೆ ಮಂಚ ಬಂತು. ಆ ಕೋಣೆಗಿದ್ದ ಒಂದೇ ಕಿಟಕಿ ರಸ್ತೆಯ ಕಡೆಗೆ. ತೆಗೆದರೆ ಲಾರಿಗಳ ಧೂಳು, ಹಾಗಾಗಿ ಅದು ಯಾವಾಗಲೂ ಮುಚ್ಚಿರುತ್ತಿತ್ತು. ಕೆಂಚವ್ವ ಗೋಡೆಯ ಕಡೆಗೆ ತಿರುಗಿ ಮಲಗಿದವಳು ಮತ್ತೆ ಈ ಕಡೆಗೆ ತಿರುಗಲಿಲ್ಲ. ಮುದ್ದೆ ಅರ್ಧಕ್ಕೆ ಇಳಿಯಿತು, ಆಮೇಲೆ ಕಾಲು ಭಾಗಕ್ಕೆ. ಏನು ಕೇಳಿದರೂ "ಹೂಂ". ಈರಕ್ಕ ಟಿವಿ ತಂದು ಎದುರಿಗಿಟ್ಟಳು. ಕೆಂಚವ್ವ ಕಣ್ಣು ಮುಚ್ಚಿದಳು.

"ಅವ್ವ ಕಾಲಿಂದ ಸಾಯಲ್ಲ ಮೇಡಮ್ಮೋರೆ" ಎಂದಳು ಈರಕ್ಕ ಒಂದು ದಿನ ನನ್ನ ಮೆಟ್ಟಿಲ ಮೇಲೆ ಕುಳಿತು. "ಗೋಡೆಯಿಂದ ಸಾಯ್ತಾಳೆ."

ಮೊದಲು ಅವಳು ಮಂಚದ ಸುತ್ತ ಹೂವಿನ ಕುಂಡಗಳನ್ನು ಇಟ್ಟಳು. ನಮ್ಮೂರಿನ ಬಿಸಿಲಿಗೆ ಕಾದ ಗೋಡೆ, ಮೇಲೆ ತಿರುಗುವ ಫ್ಯಾನು, ಹತ್ತು ದಿನ ಕಳೆಯುವುದರೊಳಗೆ ಗಿಡಗಳೆಲ್ಲ ಹಪ್ಪಳ. ಆಮೇಲೊಮ್ಮೆ ಫೋನಿನಲ್ಲಿ ಯಾರೋ ಮಾಡಿದ ವೀಡಿಯೊ ಅವಳ ಕಣ್ಣಿಗೆ ಬಿತ್ತು. ದೊಡ್ಡ ಗಾಜಿನ ಪೆಟ್ಟಿಗೆಯೊಳಗೆ ಕಲ್ಲು, ಮಣ್ಣು, ಪಾಚಿ, ಜರಿಗಿಡ ಎಲ್ಲ ಕೂಡಿಸಿ ಒಂದು ಚೂರು ಕಾಡನ್ನೇ ಮಾಡಿದ್ದರು. ಒಳಗಿನ ನೀರು ಆವಿಯಾಗಿ ಮೇಲೆ ಹೋಗಿ, ಗಾಜಿಗೆ ಹನಿಯಾಗಿ ಹತ್ತಿ, ಮತ್ತೆ ಕೆಳಗೆ ಇಳಿಯುತ್ತದೆ. ಹೊರಗಿನ ಬಿಸಿಗಾಳಿ ಒಳಗೆ ಹೋಗುವುದಿಲ್ಲ. ಈರಕ್ಕ ಅದನ್ನು ಮತ್ತೆ ಮತ್ತೆ ನೋಡಿ, ಫೋನು ಕೆಳಗಿಟ್ಟು, ಕೊರಳಲ್ಲಿದ್ದ ಅಳತೆಯ ಟೇಪು ತೆಗೆದು ಮಂಚದ ಈಚೆ ಬದಿಯ ಗೋಡೆಯ ಮುಂದೆ ನಿಂತಳು.

"ಉದ್ದ ಮಂಚದ ಅಗಲಕ್ಕಿಂತ ಒಂದು ಗೇಣು ಜಾಸ್ತಿ ಇರ್ಲಿ. ಎತ್ತರ ನನ್ನ ಎದೆ ಮಟ. ಒಳಗೆ ಕೈಯಾಡ್ಸಾಕೆ ಮುಂದೆ ಎರಡು ಬಾಗಿಲು, ರವಿಕೆಗೆ ಹುಕ್ಕು ಮುಂದೆ ಇಡಲ್ವೇನ್ರಿ, ಹಂಗೆ" ಎಂದು ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದಳು. ತಾಯಿ ಈ ಕಡೆಗೆ ಹೊರಳಿ ಕಣ್ಣು ತೆರೆದರೆ ನೋಟ ಆ ಗೆರೆಯ ನಟ್ಟನಡುವೆ ಬೀಳುವಂತೆ ಇತ್ತು ಅದು. ಅಲ್ಲಿಂದ ಮುಂದೆ ನನ್ನ ಸ್ಕೂಟರಿಗೆ, ನನ್ನ ಭಾನುವಾರಗಳಿಗೆ ಬಿಡುವು ಇರಲಿಲ್ಲ.

ಗಾಜಿಗಾಗಿ ಚಿತ್ರದುರ್ಗಕ್ಕೆ ಹೋದೆವು. ಅಂಗಡಿಯವನು ಸಣ್ಣ ವಯಸ್ಸಿನವನು, ಮಾತುಗಾರ.

"ಯಾವುದಕ್ಕೆ ಬೇಕಕ್ಕ ಗಾಜು?"

"ಕಾಡಿಗೆ" ಎಂದಳು ಈರಕ್ಕ.

ಅವನು ನನ್ನ ಮುಖ ನೋಡಿದ. "ಕಣ್ಣಿಗೆ ಹಚ್ಚೋ ಕಾಡಿಗೇಗೆ ಇಷ್ಟು ದಪ್ಪ ಗಾಜು ಯಾಕೆ ಬೇಕು?"

"ಅದಲ್ಲಪ್ಪ. ಅಡವಿ. ಗಾಜಿನ ಪೆಟ್ಟಿಗ್ಯಾಗೆ ಅಡವಿ ಬೆಳೆಸ್ಬೇಕು."

ಅವನು ಬಂದ ಗಿರಾಕಿಯನ್ನು ಬಿಡಬಾರದೆಂದು ಪ್ಲಾಸ್ಟಿಕ್ ಹಾಳೆಯೊಂದನ್ನು ಹೊರಗೆ ತಂದ. ಹಗುರ, ಬಿದ್ದರೂ ಒಡೆಯುವುದಿಲ್ಲ, ಗಾಜಿನಷ್ಟೇ ಕಾಣಿಸುತ್ತದೆ ಎಂದ. ಈರಕ್ಕ ಕೆನ್ನೆ ಕೊಟ್ಟಳು. "ಇದಕ್ಕೆ ತಂಪೇ ಇಲ್ಲ." ಆಮೇಲೆ ಕೈಬಳೆಯಿಂದ ಮೂಲೆಯಲ್ಲಿ ಮೆಲ್ಲಗೆ ಗೀರಿದಳು. ಗೀರು ಉಳಿಯಿತು. "ನೋಡ್ರಿ, ವರ್ಷ ಒಪ್ಪತ್ತಿಗೆ ಒರೆಸಿ ಒರೆಸಿ ಮಂಜು ಕವಿದಂಗೆ ಆಗ್ತೈತೆ. ಅವ್ವನ ಕಣ್ಣಾಗೆ ಪೊರೆ ಐತೆ ಮೊದ್ಲೇ, ಇನ್ನೊಂದು ಪೊರೆ ಯಾಕೆ."

ಕಾರಿಗೆ ಹಾಕುವಂಥ ಕಾಯಿಸಿ ಗಟ್ಟಿ ಮಾಡಿದ ಗಾಜು ತೋರಿಸಿದ. ಅದು ಅವಳ ಕೆನ್ನೆಗೆ ಒಪ್ಪಿತು. ಆದರೆ ಒಮ್ಮೆ ತಯಾರಾದ ಮೇಲೆ ಅದನ್ನು ಕೊಯ್ಯಲಾಗುವುದಿಲ್ಲ, ಅಳತೆ ತಪ್ಪಿದರೆ ಬಿಸಾಡುವುದೇ ಎಂದು ಅವನು ಹೇಳಿದಾಗ ಈರಕ್ಕ ಹಿಂದೆ ಸರಿದಳು. ಅವಳದೊಂದು ಮಾತಿತ್ತು, ದಿನಕ್ಕೆ ಹಲವು ಸಲ ಬರುತ್ತಿದ್ದದ್ದು: "ಬಿಚ್ಚಿ ಹೊಲಿಯಾಣ ಬಿಡ್ರಿ." ತೋಳು ಬಿಗಿಯಾದರೂ ಅದೇ, ಸಾರಿಗೆ ಉಪ್ಪು ಹೆಚ್ಚಾದರೂ ಅದೇ, ನನ್ನ ಎರಡು ಮದುವೆ ಸಂಬಂಧಗಳು ಮುರಿದು ಹೋದಾಗಲೂ ಅದೇ. ಬಿಚ್ಚಿ ಹೊಲಿಯಲು ಬಾರದ ವಸ್ತು ಅವಳಿಗೆ ಬೇಡ. ಕೊನೆಗೆ ಸಾದಾ ಗಾಜನ್ನೇ, ದಪ್ಪದ್ದನ್ನು, ಆರಿಸಿದಳು. ಅದರಾಚೆ ತನ್ನ ಸೀರೆಯ ಸೆರಗು ಹಿಡಿದು, ಬಣ್ಣ ಬದಲಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ನಾವು ಹೊರಟಾಗ ಅಂಗಡಿಯವನು ಗಾಜುಗಳ ಮೇಲಿದ್ದ ದುಂಡನೆಯ ಕೆನ್ನೆ ಗುರುತುಗಳನ್ನು ಒಂದೊಂದಾಗಿ ಒರೆಸುತ್ತಿದ್ದ.

ಕೊಯ್ಯಿಸಿದ ಗಾಜು ಕೆಂಚವ್ವನ ಕರಿ ಕಂಬಳಿಗಳಲ್ಲಿ ಸುತ್ತಿಕೊಂಡು ಲಗೇಜ್ ಆಟೋದಲ್ಲಿ ಬಂತು. ಅಂಟಿಸುವ ಸಿಲಿಕಾನ್ ಆರಿಸುವುದಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಇನ್ನೊಂದು ಪಂಚಾಯಿತಿ. ಬಚ್ಚಲಿಗೆ ಹಾಕುವುದನ್ನು ತಗೊಳ್ಳಿ, ಬೂಷ್ಟು ಹಿಡಿಯದ ಹಾಗೆ ಅದರಲ್ಲಿ ಔಷಧಿ ಬೆರೆಸಿರುತ್ತಾರೆ ಎಂದ ಅಂಗಡಿಯವ. "ಬೂಷ್ಟು ಕೊಲ್ಲೋದು ಪಾಚೀನ ಬಿಡ್ತೈತಾ?" ಎಂದು ಕೇಳಿದಳು ಈರಕ್ಕ. ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಔಷಧಿಯಿಲ್ಲದ ಸಾದಾ ಟ್ಯೂಬು ತಂದೆವು.

ಮಷಿನನ್ನು ಪಡಸಾಲೆಗೆ ಸರಿಸಿ, ಈರಕ್ಕ ನೆಲದ ಮೇಲೆ ಗಾಜುಗಳನ್ನು ನಿಲ್ಲಿಸಿಕೊಂಡು, ಟ್ಯೂಬನ್ನು ಗನ್ನಿಗೆ ಸಿಕ್ಕಿಸಿ ಒತ್ತತೊಡಗಿದಳು. ಸೆರಗಿನ ಅಂಚು ಹೊಲಿದಷ್ಟೇ ನೇರವಾಗಿ ಅಂಟು ಇಳಿಯುತ್ತಿತ್ತು. ನಾನು ಗಾಜು ಹಿಡಿದುಕೊಂಡಿದ್ದೆ. ಆ ಸಿಲಿಕಾನಿಗೆ ಹುಳಿ ವಾಸನೆ, ಮೂಗು ಸುಡುವಂಥದ್ದು. ಕೋಣೆಯೆಲ್ಲ ತುಂಬಿತು.

ಆಗ ಗೋಡೆಯ ಕಡೆಯಿಂದ ಒಂದು ದನಿ ಕೇಳಿಸಿತು.

"ಯಾರ ಮನ್ಯಾಗೆ ಮಜ್ಜಿಗೆ ಕೆಟ್ಟೈತೆ?"

ಈರಕ್ಕ ಗನ್ನು ಒತ್ತಿದ ಕೈ ಬಿಡುವುದನ್ನೇ ಮರೆತಳು. ಅಂಟು ಗಾಜು ದಾಟಿ ನೆಲದ ಮೇಲೆ ಬೆಳ್ಳಗೆ ಸುರುಳಿ ಸುತ್ತತೊಡಗಿತು. ವಾರಗಟ್ಟಲೆ "ಹೂಂ" ಬಿಟ್ಟು ಬೇರೆ ಮಾತು ಬಾರದಿದ್ದ ಬಾಯಿ ಅದು.

"ನಮ್ಮನ್ಯಾಗೇ ಕಣವ್ವ" ಎಂದಳು.

"ಚೆಲ್ಲು ಮತ್ತೆ. ಇಟ್ಕಂಡು ಏನ್ ಪೂಜೆ ಮಾಡ್ತೀಯಾ."

ಈರಕ್ಕ ನನ್ನ ಕಡೆ ನೋಡಿದಳು. ಅವಳ ಕೈಯಲ್ಲಿ ಗನ್ನು, ನನ್ನ ಕೈಯಲ್ಲಿ ಗಾಜು ಇದ್ದದ್ದರಿಂದ ಕಣ್ಣೊರೆಸಿಕೊಳ್ಳಲು ಯಾರಿಗೂ ಕೈಯಿರಲಿಲ್ಲ.

ಅಂಟಿನ ವಾಸನೆ ಪೂರ್ತಿ ಹೋಗುವ ತನಕ ಪೆಟ್ಟಿಗೆಯನ್ನು ಖಾಲಿ ಬಿಟ್ಟು, ಒಳಗೆ ತುಂಬುವ ಸಾಮಾನು ಹುಡುಕಿಕೊಂಡು ತಿರುಗಿದೆವು. ತಳಕ್ಕೆ ಹಾಕಲು, ನೀರು ಬಸಿದು ನಿಲ್ಲುವಂತೆ, ಯಾರೋ ಕೆಡವಿದ ಮನೆಯ ಹೆಂಚಿನ ಚೂರು. ಅದರ ಮೇಲೆ ಸೊಳ್ಳೆ ಪರದೆ, ಮಣ್ಣು ಕೆಳಗೆ ಇಳಿಯಬಾರದೆಂದು. ನೀರು ನಾರದಿರಲು ಇಸ್ತ್ರಿ ಅಂಗಡಿಯಿಂದ ಇದ್ದಿಲು. ಮಣ್ಣಿನ ಜೊತೆ ಬೆರೆಸಲು ತೆಂಗಿನ ನಾರಿನ ಪುಡಿ ಬೇಕಿತ್ತು. ಹೊಸದುರ್ಗದ ಕಡೆ ಬಾಗೂರಿನಲ್ಲಿ ನಾರು ಬಿಡಿಸುವ ಕಡೆ ಅದು ಗುಡ್ಡೆಗುಡ್ಡೆ ಬಿದ್ದಿರುತ್ತದೆಂದು ಯಾರೋ ಗಿರಾಕಿ ಹೇಳಿದ್ದಳು. ಹೋದೆವು. ಈರಕ್ಕ ಆ ಕಂದು ಗುಡ್ಡೆಯ ಮುಂದೆ ಮೊಣಕಾಲೂರಿ ಬೊಗಸೆ ತುಂಬಿ ಕೆನ್ನೆಗೆ ಹಿಡಿದದ್ದನ್ನು ನೋಡಿ, ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ಓಡಿ ಬಂದು, "ಯಾಕಕ್ಕ, ತಲೆ ಸುತ್ತು ಬಂತಾ, ನೀರು ತರ್ಲಾ?" ಎಂದಳು. ಮನೆಗೆ ತಂದು ನೆನೆಸಿದರೆ ಪುಡಿಯಿಂದ ಟೀ ಬಣ್ಣದ ನೀರು. ಅದು ತಿಳಿಯಾಗುವ ತನಕ ತೊಳೆದು ತೊಳೆದು, ಈರಕ್ಕನ ಅಂಗೈ ಗೋರಂಟಿ ಹಚ್ಚಿದಂತಾಯಿತು.

ಕಲ್ಲಿನ ವಿಷಯದಲ್ಲಿ ಮಾತ್ರ ಅವಳ ಬುದ್ಧಿ ಜಾರಿತು. ಫ್ಯಾನ್ಸಿ ಅಂಗಡಿಯಲ್ಲಿ ನೀಲಿ, ಹಸಿರು, ಕೆಂಪು ಗಾಜುಗಲ್ಲು ನೋಡಿ ಮನಸೋತು ಒಂದು ಚೀಲ ತುಂಬಾ ತಂದಳು. ತಾಯಿಗೆ ತೋರಿಸಲೆಂದು ತಟ್ಟೆಯಲ್ಲಿ ಸುರಿದು ಮಂಚದ ಹತ್ತಿರ ಹಿಡಿದಳು. "ಅವ್ವಾ, ನೋಡು ಇಲ್ಲಿ."

ಕೆಂಚವ್ವ ಕುತ್ತಿಗೆಯನ್ನು ಮಾತ್ರ ಹೊರಳಿಸಿ ನೋಡಿದಳು. ಆಮೇಲೆ ಕಷ್ಟಪಟ್ಟು ಹೆಗಲನ್ನೂ ಹೊರಳಿಸಿದಳು.

"ಏನಿವು, ಪೆಪ್ಪರ್‌ಮೆಂಟಾ?"

"ಕಲ್ಲವ್ವ. ಕಾಡಿಗೆ."

"ಯಾವ ಕಾಡ್ನಾಗೆ ಅವೆ ಇಂಥ ಕಲ್ಲು? ನಾನು ಇಷ್ಟು ವರ್ಷ ಕುರಿ ಹಿಂದೆ ತಿರುಗ್ದೆ, ಒಂದ್ ಕುರಿನೂ ಇದನ್ನ ಎಡವಿಲ್ಲ."

ಈರಕ್ಕ ನಗುತ್ತಾ ಅಡುಗೆಮನೆಗೆ ಓಡಿದಳು. ಆ ದಿನ ಕೆಂಚವ್ವ ಮತ್ತೆ ಗೋಡೆಯ ಕಡೆಗೆ ತಿರುಗಲಿಲ್ಲ. ಮಗಳು ಏನೇನು ದಡ್ಡತನ ಮಾಡುತ್ತಾಳೋ ನೋಡಬೇಕಿತ್ತಲ್ಲ.

ಮುಂದಿನ ಭಾನುವಾರ ಮಾರಿಕಣಿವೆಯ ಹಿನ್ನೀರಿನ ಕಡೆ ಹೋದೆವು. ನೀರು ಇಳಿದ ದಡದಲ್ಲಿ ಕಲ್ಲುಗಳು ಬೇಕಾದಷ್ಟು. ಆದರೆ ಸುಣ್ಣದ ಅಂಶವಿರುವ ಕಲ್ಲು ಜರಿಗಿಡಕ್ಕೆ, ಪಾಚಿಗೆ ಒಗ್ಗುವುದಿಲ್ಲ ಎಂದು ನಾನು ಎಲ್ಲೋ ಓದಿದ್ದೆ. ಹುಳಿ ಬಿದ್ದರೆ ಅಂಥ ಕಲ್ಲಿನಿಂದ ನೊರೆ ಬರುತ್ತದಂತೆ. ಈರಕ್ಕ ಸೆರಗಿನಲ್ಲಿ ನಿಂಬೆಹಣ್ಣು ಕಟ್ಟಿಕೊಂಡು ಬಂದಿದ್ದಳು. ಒಂದೊಂದು ಕಲ್ಲಿಗೂ ಹನಿ ಹಿಂಡಿ, ಕಿವಿ ಹತ್ತಿರ ತಂದು "ಚುರ್" ಎನ್ನುತ್ತದೆಯೇ ಎಂದು ಕೇಳುವಳು. ಚುರ್ ಎಂದದ್ದನ್ನು "ನೀ ಇಲ್ಲೇ ಇರಪ್ಪ" ಎಂದು ಹೇಳಿ ಕೆಳಗಿಡುವಳು. ತುಕ್ಕಿನ ಬಣ್ಣದ, ಒರಟು ಮೈಯ ಕೆಲವು ಕಲ್ಲುಗಳು ಪರೀಕ್ಷೆಯಲ್ಲಿ ಪಾಸಾದವು. ದಡದಲ್ಲಿ ಬಿದ್ದಿದ್ದ ಒಂದು ಮರದ ಬೇರು, ನೀರಲ್ಲಿ ನೆನೆದು ಬಿಸಿಲಲ್ಲಿ ಒಣಗಿ ಬೂದಿ ಬಣ್ಣಕ್ಕೆ ತಿರುಗಿದ್ದು, ಅವಳ ಕಣ್ಣಿಗೆ ಬಿತ್ತು. ಕೊಂಬಿನ ಟಗರಿನ ತಲೆಯ ಹಾಗಿತ್ತು. ಉಗುರು ಊರಿ ನೋಡಿದಳು. ಗಟ್ಟಿಯಿತ್ತು, ಒಳಗೆ ಟೊಳ್ಳಿರಲಿಲ್ಲ. ಸ್ಕೂಟರಿನಲ್ಲಿ ಅದನ್ನು ತಬ್ಬಿಕೊಂಡು ಹಿಂದೆ ಕುಳಿತ ಅವಳನ್ನು ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಮನೆಯಲ್ಲಿ ಅದಕ್ಕೆ ಹಂಡೆಯಲ್ಲಿ ಬಿಸಿನೀರಿನ ಸ್ನಾನವಾಯಿತು, ಹುಳ ಹುಪ್ಪಟೆ ಉಳಿಯಬಾರದೆಂದು.

ಪೆಟ್ಟಿಗೆಯನ್ನು ಬಟ್ಟೆ ಕತ್ತರಿಸುವ ಹಳೆಯ ಮೇಜಿನ ಮೇಲೇರಿಸಿ ತುಂಬಿಸಿದೆವು. ಹೆಂಚು, ಪರದೆ, ಇದ್ದಿಲು, ಮಣ್ಣು, ಕಲ್ಲು. ಕೆಂಚವ್ವ ಮಂಚದಿಂದಲೇ ಹುಕುಂ ಹೊರಡಿಸುತ್ತಿದ್ದಳು. "ಆ ಕಲ್ಲನ್ನ ಅಷ್ಟು ನೆಟ್ಟಗೆ ನಿಲ್ಲಿಸ್ಬೇಡ, ಅದೇನು ಪೊಲೀಸಾ? ಮಲಗ್ಸು." ಬೇರನ್ನು ಒರಗಿಸಿ ಈರಕ್ಕ ಎರಡು ಹೆಜ್ಜೆ ಹಿಂದೆ ಬಂದು ನಿಂತಳು. ಮಧ್ಯಾಹ್ನದ ಹೊತ್ತು. ಆಗ ಟಪ್ ಎಂದು ಒಂದು ಸಣ್ಣ ಸದ್ದು. ಅಡಿಯ ಗಾಜಿನಲ್ಲಿ ಮೂಲೆಯಿಂದ ಮೂಲೆಗೆ ಬಿರುಕು.

ಮೇಜು ಒಂದು ಕಡೆ ಕೂದಲೆಳೆಯಷ್ಟು ತಗ್ಗಿತ್ತು. ಅಷ್ಟು ಭಾರ ಬಿದ್ದಾಗ ಗಾಜು ತಡೆದುಕೊಳ್ಳಲಿಲ್ಲ. ಮಣ್ಣಿನ ನೀರು ಮೇಜಿನಿಂದ ತೊಟ್ಟಿಕ್ಕುತ್ತಿತ್ತು. ಈರಕ್ಕ ನೆಲದ ಮೇಲೆ ಕುಳಿತುಬಿಟ್ಟಳು. ಅವಳನ್ನು ಹಾಗೆ, ಕೈಯಲ್ಲಿ ಏನೂ ಇಲ್ಲದೆ, ಬಾಯಲ್ಲಿ ಮಾತೂ ಇಲ್ಲದೆ ನಾನು ನೋಡಿದ್ದು ಅದೇ ಮೊದಲು. ನಾನು ಬಕೆಟ್ ತಂದು ಮೇಜಿನ ಕೆಳಗಿಟ್ಟೆ. ಬಟ್ಟೆಯಾಗಿದ್ದರೆ ಅವಳದೇ ಮಾತು ಹೇಳಬಹುದಿತ್ತು.

"ಲೇ ಈರಿ" ಎಂದಳು ಕೆಂಚವ್ವ.

"ಏನವ್ವ."

"ಊರೋರಿಗೆಲ್ಲ ಹೇಳ್ತೀಯಲ್ಲ. ಬಿಚ್ಚಿ ಹೊಲಿ."

ಈರಕ್ಕ ತಲೆಯೆತ್ತಿ ತಾಯಿಯನ್ನು ನೋಡಿದಳು. ಕೆಂಚವ್ವ ಮೊಣಕೈ ಊರಿ, ದಿಂಬಿನಿಂದ ತಲೆಯೆತ್ತಿ, ಬಿರುಕನ್ನು ಇಣುಕಿ ನೋಡುತ್ತಿದ್ದಳು. ಆಪರೇಷನ್ ಆದ ಮೇಲೆ ಅವಳಾಗಿಯೇ ತಲೆಯೆತ್ತಿದ್ದು ಅಂದೇ. "ಒಳ್ಳೆ ಕಾಡು ಬರ್ತಿತ್ತು. ಈಗ ಬಿಟ್ರೆ ನಾನ್ ಏನ್ ನೋಡ್ಲಿ?"

ಬಿಚ್ಚಿದೆವು. ಬ್ಲೇಡಿನಿಂದ ಅಂಟು ಕೊಯ್ದು ಅಡಿಯ ಗಾಜು ತೆಗೆದು, ಇನ್ನೂ ದಪ್ಪದ್ದನ್ನು ತಂದು ಕೂಡಿಸಿದಳು. ಮೇಜಿನ ಬದಲು ಬೆಸುಗೆ ಹಾಕಿಸಿದ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಪ್ಲೈವುಡ್ಡು, ಪ್ಲೈವುಡ್ಡಿನ ಮೇಲೆ ಭಾರ ಸಮನಾಗಿ ಕೂರಲೆಂದು ಒಂದು ಥರ್ಮಾಕೋಲ್ ಹಾಳೆ. ಥರ್ಮಾಕೋಲ್ ಕೆನ್ನೆಗೆ ಒತ್ತಿ ನೋಡಿ, "ಇದು ಗಾಜಿಗೆ ಹಾಸಿಗೆ" ಎಂದಳು.

ಗಿಡಗಳನ್ನು ಕಾಡಿನಿಂದ ಕಿತ್ತು ತರುವುದು ಬೇಡವೆಂದು ಅವಳದೇ ಹಟ. ಹೊಳಲ್ಕೆರೆ ಹತ್ತಿರ ಅವಳ ಗಿರಾಕಿಯೊಬ್ಬಳ ಹೊಲದಲ್ಲಿ ಹಳೆಯ ಕಲ್ಲು ಕಟ್ಟಿದ ಮೆಟ್ಟಿಲು ಬಾವಿಯಿತ್ತು. ಹೂಳು ತೆಗೆಸುವುದಿದೆ, ಗೋಡೆಯ ಪಾಚಿಯನ್ನೆಲ್ಲ ಕೆರೆದು ಬಿಸಾಡುತ್ತೇವೆ, ಬೇಕಾದರೆ ಬಂದು ತಗೊಂಡು ಹೋಗಿ ಎಂದಿದ್ದಳು ಆಕೆ. ಸೀರೆ ಎತ್ತಿ ಕಟ್ಟಿಕೊಂಡು ಈರಕ್ಕ ಬಾವಿಗೆ ಇಳಿದಳು. ನಾನು ಮೇಲೆ ಬುಟ್ಟಿ ಹಿಡಿದು ನಿಂತಿದ್ದೆ. ಒಳಗಿನಿಂದ ಅವಳ ದನಿ ಗುಂಯ್ ಎಂದು ಬರುತ್ತಿತ್ತು. "ಮೇಡಮ್ಮೋರೆ, ಇದು ಮಖಮಲ್ಲು. ಒಂದೇ ಸಮ ಮಖಮಲ್ಲು. ಮೀಟರಿಗೆ ಬೆಲೆ ಕಟ್ಟಾಕಾಗಲ್ಲ." ಕಲ್ಲಿನ ಸಂದಿಯ ಜರಿಗಿಡಗಳು ಬೇರು ಸಮೇತ ಬಂದವು. ಮೇಲೆ ಹತ್ತಿ ಬಂದಾಗ ಅವಳ ಬಲಗೆನ್ನೆ ಪೂರ್ತಿ ಹಸಿರಾಗಿತ್ತು.

ಪಾಚಿ ಹೊದಿಸಿದ ಮೇಲೆ ಪೆಟ್ಟಿಗೆಗೆ ಜೀವ ಬಂತು. ಆದರೆ ಕೆಲವೇ ದಿನಗಳಲ್ಲಿ ಅದರ ಅಂಚು ಕಂದತೊಡಗಿತು. ಗಾಜಿನ ಒಳಮೈ ಮೇಲೆ ಬೆಳ್ಳನೆ ಚುಕ್ಕೆ. ನಮ್ಮ ಬೋರ್‌ವೆಲ್ ನೀರಿನ ಉಪ್ಪು. ಕುದಿಸಿದರೂ ಹೋಗದು, ಮಳೆ ಇನ್ನೂ ದೂರ. ಈರಕ್ಕ ಯೋಚನೆ ಮಾಡುತ್ತಾ ದುಡ್ಡು ತೆಗೆಯಲು ಪೇಟೆಯ ಎಟಿಎಂಗೆ ಹೋದವಳು, ಹಿಂದಿನ ಗೋಡೆಯಲ್ಲಿ ಏಸಿಯ ಪೈಪಿನಿಂದ ನೀರು ತೊಟ್ಟಿಕ್ಕುವುದನ್ನು ಕಂಡು ನಿಂತಳು. ಗಾಳಿಯಿಂದ ಇಳಿದ ನೀರು, ಇದರಲ್ಲಿ ಉಪ್ಪು ಎಲ್ಲಿಂದ ಬರಬೇಕು? ಮರುದಿನದಿಂದ ಅಲ್ಲೊಂದು ಕೊಡ ಇಟ್ಟಳು.

"ಏನಮ್ಮ, ಎಲ್ರೂ ಇಲ್ಲಿ ದುಡ್ಡು ತಗಳಾಕೆ ಬರ್ತಾರೆ, ನೀನು ನೀರು ತಗಳಾಕೆ ಬರ್ತೀಯಾ" ಎಂದ ಕಾವಲುಗಾರ.

"ದುಡ್ಡು ಕಮ್ಮಿ ಐತಣ್ಣ, ಅದಕ್ಕೆ ನೀರು ಡ್ರಾ ಮಾಡ್ತಾ ಇದೀನಿ."

ಆಮೇಲಾಮೇಲೆ ಅವನೇ ಕೊಡ ತುಂಬಿದಾಗ ಕರೆ ಕಳಿಸುತ್ತಿದ್ದ. ಒಂದು ಸಲ ತನ್ನ ಹೆಂಡತಿಯನ್ನೂ ಕರೆದುಕೊಂಡು ಬಂದು ಕಾಡು ನೋಡಿಹೋದ. ಆ ನೀರಿಗೆ ಪಾಚಿ ಚಿಗುರಿತು. ಜರಿಗಿಡಗಳು ಮುಷ್ಟಿ ಬಿಚ್ಚಿದ ಹಾಗೆ ಎಲೆ ಬಿಚ್ಚಿದವು. ಬೆಳಿಗ್ಗೆ ಗಾಜಿನ ತುಂಬ ಮಂಜು ಕವಿದು, ಹೊತ್ತೇರಿದ ಹಾಗೆ ಒಂದೊಂದೇ ಹನಿ ಇಳಿದು, ಕಲ್ಲು, ಬೇರು, ಹಸಿರು ಕಾಣಿಸಿಕೊಳ್ಳುತ್ತಿದ್ದವು.

ಮಳೆಗಾಲದ ಮೊದಲ ಮೋಡ ಕವಿದ ಸಂಜೆ ಪೆಟ್ಟಿಗೆಯೊಳಗಿಂದ "ಟ್ರಿಕ್, ಟ್ರಿಕ್" ಎಂದು ಸದ್ದು ಬಂತು. ಈರಕ್ಕ ಗಾಜು ಮತ್ತೆ ಬಿರಿಯಿತೆಂದು ಕತ್ತರಿ ಬಿಸಾಡಿ ಓಡಿದಳು. ಕೆಂಚವ್ವ ಕೈಯೆತ್ತಿ ಸುಮ್ಮನಿರಿಸಿದಳು. "ಕಪ್ಪೆ ಕಣೇ. ಬೇರಿನ ಬುಡದಾಗೆ ಕುಂತೈತೆ. ನಾನು ನೋಡಿ ಆಗ್ಲೇ ನಾಕು ದಿನ ಆತು." ಹೊಳಲ್ಕೆರೆಯ ಬಾವಿಯಿಂದ ಪಾಚಿಯ ಜೊತೆಗೆ ಬಂದಿದ್ದ ಉಗುರಿನಷ್ಟು ಕಪ್ಪೆ. ಹೇಳಿದರೆ ಮಗಳು ಹೊರಗೆ ಹಾಕುತ್ತಾಳೆಂದು ಮುದುಕಿ ಗುಟ್ಟು ಮಾಡಿದ್ದಳು. ಅದನ್ನು ಬಾವಿಗೆ ಬಿಟ್ಟು ಬರೋಣವೇ ಎಂದು ನಾನು ಕೇಳಿದೆ. "ಬಾಗಿಲು ತೆಗೆದಿಡ್ರಿ, ಹೋಗಂಗಿದ್ರೆ ಹೋಗ್ಲಿ" ಎಂದಳು ಕೆಂಚವ್ವ. ಈರಕ್ಕ ಒಂದು ಬಾಗಿಲು ಸರಿಸಿಟ್ಟಳು. ಕಪ್ಪೆ ಒಂದು ರಾತ್ರಿ ಹೊರಗೆ ಬಂದು, ಮಷಿನಿನ ಪೆಡಲಿನ ಮೇಲೆ ಕುಳಿತು, ಬೆಳಗಾಗುವಷ್ಟರಲ್ಲಿ ತಿರುಗಿ ಬೇರಿನ ಬುಡ ಸೇರಿತ್ತು.

ಆಮೇಲಿನ ದಿನಗಳು ಆ ಮನೆಯಲ್ಲಿ ಜಾತ್ರೆಯ ಹಾಗಿದ್ದವು. ರವಿಕೆ ಕೊಡಲು ಬಂದವರು ಅಳತೆ ಕೊಟ್ಟು ಹೋಗುವ ಬದಲು ಮಂಚದ ಪಕ್ಕ ಕುಳಿತುಬಿಡುತ್ತಿದ್ದರು. ಕೆಂಚವ್ವ ಬೆನ್ನಿಗೆ ದಿಂಬು ಕೊಟ್ಟುಕೊಂಡು, ಕೋಲಿನಿಂದ ತೋರಿಸುತ್ತಾ, ಈ ಕಲ್ಲಿನ ಹಿಂದೆ ಮಳೆ ಬಂದರೆ ಕುರಿ ನಿಲ್ಲಿಸಬಹುದು, ಆ ಜರಿಯ ಕೆಳಗೆ ಮರಿ ಹಾಕಿದ ಕುರಿ ಕಟ್ಟಬಹುದು ಎಂದು ವಿವರಿಸುವಳು. ಅವಳ ಮುದ್ದೆ ಮತ್ತೆ ಪೂರ್ತಿಯಾಯಿತು. ಮಗಳ ಹೆಗಲು ಹಿಡಿದು ಮಂಚದಿಂದ ಪೆಟ್ಟಿಗೆಯ ತನಕ ನಡೆದ ದಿನ ಈರಕ್ಕ ಬೀದಿಗೆಲ್ಲ ಹೋಳಿಗೆ ಹಂಚಿದಳು. ನನಗೆ ಮಾತ್ರ ಹೋಳಿಗೆಯ ಜೊತೆ ತನ್ನ ಹಳೆಯ ಅಳತೆ ಟೇಪೊಂದನ್ನು ಕೊಟ್ಟು, "ನಿಮ್ಮ ಸ್ಕೂಟರ್ ಇಲ್ದಿದ್ರೆ ನಾನು ಗೋಡೆ ಮೇಲೆ ಗೆರೆ ಎಳ್ಕಂಡೇ ಕುಂತಿರ್ತಿದ್ದೆ" ಎಂದಳು.

ಕೆಂಚವ್ವ ಆ ಮೇಲೆ ಮೂರು ಮಳೆಗಾಲ ನೋಡಿದಳು. ಹೋದದ್ದು ನಿದ್ದೆಯಲ್ಲಿ, ಸಂಕಟವಿಲ್ಲದೆ. ಅಷ್ಟರಲ್ಲಿ ನನಗೆ ಹೊಸದುರ್ಗಕ್ಕೆ ವರ್ಗವಾಗಿತ್ತು. ಕೆಂಚವ್ವನ ಮಣ್ಣಿಗೆ ಹೋದಾಗ ಈರಕ್ಕ ನನ್ನನ್ನು ತಬ್ಬಿಕೊಂಡು ಅತ್ತು, ಆಮೇಲೆ ತಾನೇ ಕಣ್ಣೊರೆಸಿಕೊಂಡು, "ಬೈಯೋರೇ ಇಲ್ಲದಂಗಾತು ನೋಡ್ರಿ" ಎಂದಿದ್ದಳು. ಆ ಕಾಡನ್ನು ಮಾತ್ರ ಅವಳು ಬಿಡಲಿಲ್ಲ. ನೋಡಿ ಹೋದವರಲ್ಲಿ ಕೆಲವರ ಮನೆಯಲ್ಲೂ ಹಾಸಿಗೆ ಹಿಡಿದವರು ಇದ್ದರು. ಒಬ್ಬರು ಕೇಳಿದರು, ಇನ್ನೊಬ್ಬರು ಕೇಳಿದರು. ಈರಕ್ಕ ಹೊಲಿಗೆಯ ಬಿಡುವಿನಲ್ಲಿ ಗಾಜು ಆರಿಸಲು, ಕಲ್ಲು ಹೆಕ್ಕಲು ಹೊರಡುತ್ತಿದ್ದಳು.

ಈರಕ್ಕ ಹೋಗಿ ಈಗ ಒಂದು ವರ್ಷ ಕಳೆದಿದೆ. ಎದೆನೋವು ಎಂದು ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲವಂತೆ. ನನಗೆ ಸುದ್ದಿ ತಲುಪಿದ್ದು ತಡವಾಗಿ. ಅವಳ ಮುಖವನ್ನು ಕೊನೆಯದಾಗಿ ನೋಡಲಾಗಲಿಲ್ಲವೆಂದು ಬಹಳ ದಿನ ಕೊರಗಿದೆ. ಈಗ ಅನ್ನಿಸುತ್ತದೆ, ನಾನು ಕೊನೆಯದಾಗಿ ನೋಡಿದ ಮುಖವೇ ಇರಲಿ, ಅದು ಸಾಕು.

ಅದು ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ. ಕಾಲೇಜು ಮುಗಿಸಿ ಬರುತ್ತಿದ್ದೆ. ಹೊಳಲ್ಕೆರೆಗೆ ಹೋಗುವ ಬಸ್ಸಿನ ಬಾಗಿಲಲ್ಲಿ ಜಗಳದಂಥ ಮಾತು ಕೇಳಿ ತಿರುಗಿದರೆ, ಈರಕ್ಕ. ಇಬ್ಬರು ಕೂರುವ ಸೀಟಿನಲ್ಲಿ ತಾನೊಂದು ಕಡೆ ಕುಳಿತು, ಪಕ್ಕದಲ್ಲಿ ಹಳೆ ಸೀರೆ ಸುತ್ತಿದ ದೊಡ್ಡ ಗಾಜನ್ನು ನಿಲ್ಲಿಸಿಕೊಂಡಿದ್ದಳು.

"ಇದು ಲಗೇಜಮ್ಮ, ಮೇಲೆ ಹಾಕ್ಬೇಕು" ಎನ್ನುತ್ತಿದ್ದ ಕಂಡಕ್ಟರು.

"ಲಗೇಜಲ್ಲಪ್ಪ, ಇದು ಕಿಟಕಿ."

"ಬಸ್ಸಿಗೆ ಕಿಟಕಿ ಅವೆಯಲ್ಲಮ್ಮ."

"ಅವು ಕುಂತೋರಿಗೆ. ಇದು ಮಲಗ್ದೋರಿಗೆ. ಅಲ್ಲಿ ಒಬ್ಬ ಹುಡುಗಿ ಬೆನ್ನು ಮುರ್ಕಂಡು ಆರು ತಿಂಗಳಿಂದ ಸೂರು ನೋಡ್ಕಂಡು ಮಲಗೈತೆ. ನೀನೇ ಹೇಳಪ್ಪ, ಮೇಲೆ ಹಾಕಾಣ, ಒಡೀಲಿ ಅಂತ. ಹಾಕಾಣ."

ಕಂಡಕ್ಟರು ಮುಂದಿನ ಸೀಟಿನವರ ಟಿಕೇಟಿಗೆ ತಿರುಗಿದ. ಈರಕ್ಕ ನನ್ನನ್ನು ಕಂಡಳು. ಎದ್ದು ಬರುವ ಹಾಗಿರಲಿಲ್ಲ, ಗಾಜು ಹಿಡಿದಿದ್ದಳು. ಕಿಟಕಿಯಿಂದಲೇ ಮುಖ ಹೊರಗೆ ಹಾಕಿ, "ಮೇಡಮ್ಮೋರೆ, ತೆಳ್ಳಗಾಗೀರಿ, ಊಟ ಮಾಡ್ರಿ ಸರ್ಯಾಗೆ" ಎಂದಳು. "ಭಾನುವಾರ ಬಿಡುವಿದ್ರೆ ಬರ್ರಿ, ಕಲ್ಲು ಆರಿಸಾಣ" ಎಂದಳು. ಬರುತ್ತೇನೆ ಎಂದೆ. ಅವಳ ಮುಖದಲ್ಲಿ ಬೆವರಿತ್ತು, ಆಯಾಸವೂ ಇತ್ತೇನೋ, ಆದರೆ ಮದುವೆ ಮನೆಗೆ ಹೊರಟವರ ಕಳೆ.

ಬಸ್ಸು ಹೊರಟಿತು. ಸ್ಟ್ಯಾಂಡಿನ ಗೇಟಿನಲ್ಲಿ ರಸ್ತೆಗೆ ಅಡ್ಡವಾಗಿ ದೊಡ್ಡದೊಂದು ಉಬ್ಬಿದೆ. ಎಲ್ಲ ಬಸ್ಸುಗಳೂ ಅದನ್ನು ಧಡ್ ಎಂದು ಹಾರಿಸಿಕೊಂಡೇ ಹೋಗುತ್ತವೆ. ನಾನು ಗೇಟಿನ ಕಡೆಗೆ ನಾಲ್ಕು ಹೆಜ್ಜೆ ಓಡಿದೆ. ಆಗ ಬಸ್ಸಿನ ಹಿಂದಿನ ಗಾಜಿನಲ್ಲಿ ಕಂಡಿತು, ಕಂಡಕ್ಟರು ಟಿಕೇಟಿನ ಚೀಲವನ್ನು ಬೆನ್ನಿಗೆ ಸರಿಸಿ, ಬಗ್ಗಿ, ಆ ಗಾಜಿನ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಕೂಗು ಹೊರಗೆ ನನ್ನ ತನಕ ಕೇಳಿಸಿತು.

"ನಿಧಾನ ಕಣಣ್ಣ, ನಿಧಾನ. ಒಳಗೆ ಕಿಟಕಿ ಐತೆ."

ಬಸ್ಸು ಉಬ್ಬಿನ ಮೇಲೆ ಮುಂದಿನ ಚಕ್ರ ಹತ್ತಿಸಿ, ಇಳಿಸಿ, ಹಿಂದಿನ ಚಕ್ರ ಹತ್ತಿಸಿ, ಇಳಿಸಿ, ತುಂಬಿದ ಕೊಡ ಹೊತ್ತ ಹೆಂಗಸಿನ ಹಾಗೆ ಮೆಲ್ಲಗೆ ಹೊಳಲ್ಕೆರೆಯ ರಸ್ತೆಗೆ ತಿರುಗಿತು.